ಎರವಿನ ಕೋಲು

ಬುರುಡ ಆಳಿಯೊಳಗ ನಮ್ಮದು ನಾಕನೇ ಅಂಗಡಿ.
ಏಣಿ, ಬುಟ್ಟಿ, ಮರ, ಗಣಪತಿ ಮಂಟಪದ ದಬ್ಬಿ,
ಹೆಣದ ಚಟ್ಟಕ್ಕ ಬೇಕಾದ್ದೂ ನಾವ ಕೊಡ್ತೀವಿ.
ಅದಕ್ಕ ಚೌಕಾಶಿ ಮಾಡೂದಿಲ್ಲ ಯಾರೂ.

ಕಾರಹುಣ್ಣಿವಿ ಆದ ಮ್ಯಾಲ ಬಂದ್ಲು
ಕ್ಯಾಂಪಿನ ತೆಹಮಿ ಬಾಯಿ,
ರಿಕ್ಷಾದಾಗ ಹಿಡಿಸಲಾರದ ಉದ್ದನ ಕಿತ್ತಾನ ಚೀಲ
ಅರ್ಧ ಹೊರಗ ಚಾಚಿಕೊಂಡು.
"ಮೊದಲಿನಂಗ ಮಾಡ್ತೀಯೇನು ಬಾಳಪ್ಪಾ?"

ಗಾಳದ ಕೋಲು. ಮೂರು ತುಂಡು.
ತುದಿ ಮುರದಿತ್ತು, ನಡುವಿನದು ಎಡಕ್ಕ ಬಾಗಿತ್ತು,
ಮ್ಯಾಲ ಕಪ್ಪಗಿನ ವಾರ್ನಿಶು, ಹಳೇ ಗಾಯದ ಹಕ್ಕಳದಂಗ.

ಏಳು ವರ್ಷದವ ಇದ್ದಾಗಿಂದ ಬಿದರು ಸೀಳೀನಿ ನಾ,
ಜಮಖಂಡಿಯಾಗ ಅಪ್ಪನ ತೊಡಿ ಪಕ್ಕ ಕುಂತು.
ಆದರ ಮುರದ ಬಾಯಿಗೆ ಕಣ್ಣ ಹಚ್ಚಿ ನೋಡಿದ್ರ
ಟೊಳ್ಳೇ ಇಲ್ಲ!
ಟೊಳ್ಳಿಲ್ಲದ ಬಿದರು ಯಾವ ಊರಿಂದು?
ಆರು ಸೀಳು. ಒಂದೊಂದನ್ನೂ ಮೂರು ಮೂಲಿ ಕೆತ್ತಿ,
ಒಂದರ ಹೆಗಲಿಗೆ ಇನ್ನೊಂದರ ಹೆಗಲು ಕೊಟ್ಟು, ಅಂಟು ಹಾಕಿ,
ಗೆಣ್ಣು ಗೆಣ್ಣಿನ ಎದುರಿಗೆ ಬರದಂಗ
ಹಿಂದಮುಂದ ಸರಿಸಿದ್ದ ಆ ಪುಣ್ಯಾತ್ಮ.
ಯಾವನೋ ಸಮುದ್ರದಾಚಿ ಮೇದಾರ.
ಒಬ್ಬನ ಕುಂತು ಕೈ ಮುಗದೆ.
ತಂಗೆವ್ವ ನಕ್ಳು.

ಹನ್ನೆರಡು ದಿನ ಹಿಡೀತು.
ಕೆಂಡದ ಮ್ಯಾಲ ತಿರುವಿ, ಗಲ್ಲಕ್ಕ ಹಚ್ಚಿ ಬಿಸಿ ನೋಡಿ,
ಸುಡೂದಕ್ಕ ಒಂದ ಉಸಿರು ಮೊದಲ ಬಗ್ಗಸಬೇಕು,
ಒಂದ ಉಸಿರು ಹೆಚ್ಚಾತಂದ್ರ ಕರಿ.
ಹಿತ್ತಾಳಿ ಕೊಳವಿ ಎಳದ್ರ
ಟಪ್ ಅಂತ ಗಾಳಿ ಬಿಡ್ತು, ಎಷ್ಟ ವರ್ಷದ್ದೋ.
ತುದಿಗೆ ಓರೆ ಕೆತ್ತಿ ಹೊಸ ಸೀಳು ಕೂಡಿಸಿದೆ.
ಸುತ್ತಾಕ ರೇಶ್ಮಿ ಬೇಕಿತ್ತು. ತಂಗೆವ್ವನ ಟ್ರಂಕಿನಾಗ
ಇಲಕಲ್ ಸೀರಿ, ಒಡಲು ಹರದಿತ್ತು, ಸೆರಗು ಗಟ್ಟಿ.
"ಕಾಲ ಕಿಲೋ ಮೀನಿಗೆ ನನ್ನ ಮದವಿ ಸೀರಿ," ಅಂದ್ಲು,
ಅಂದು, ತಾನ ಎಳಿ ಬಿಚ್ಚಿ ಕೊಟ್ಲು.

ವಾರ್ನಿಶು ಕೆರದದ್ದು ಮೂರನೇ ದಿನ,
ಒಡದ ಗಾಜಿಂದ, ಮೆತ್ತಗ.
ಹಿಡಿಕಿ ಮ್ಯಾಲ, ಬೆರಳಗಲ ಜಾಗಾದಾಗ
ಇರುವಿ ಸಾಲು ಹರದಂಗ ಏನೋ ಕಪ್ಪಗಿತ್ತು.
ಹೊಲಸು ಅಂತ ತಿಳದೆ.
ಅದೂ ಹೋತು. ಕೆಳಗ ಬಿದರು ಜೇನಿನ ಬಣ್ಣಕ್ಕ ಬಂತು.
ಭಾಳ ಖುಷಿ ಆತು ನನಗ.

ಬಾಯಿ ಬಂದ್ಲು. ಕೋಲು ಕೂಡಿಸಿ ಬೀಸಿದ್ಲು,
ಓಣಿ ಮಂದಿ ಹಿಂದ ಸರದ್ರು,
ಬುಡದಿಂದ ತುದಿತನಕ ಮಿಡೀತು ಬಿದರು.
ಆಮ್ಯಾಲ ಭೂತಗನ್ನಡಿ ತಗದು ಹಿಡಿಕಿ ಹತ್ರ ಹಿಡದ್ಲು.
ತಿರುವಿದ್ಲು. ಇನ್ನೊಮ್ಮೆ ತಿರುವಿದ್ಲು.
"ಹೆಸರು?"

ಪಾನಶೇತ ಒಡದ ವರ್ಷ, ನೀರು ಇಳದ ಮ್ಯಾಲ,
ಲಕಡಿ ಪೂಲ್ ಹತ್ರ ಹುಣಸಿ ಟೊಂಗಿಗೆ ಸಿಕ್ಕೊಂಡಿತ್ತಂತ ಇದು,
ಒಂದ ಚಪ್ಪಲಿ, ಒಂದ ತೊಟ್ಟಿಲ ಹಗ್ಗದ ಜೋಡಿ.
ಅವರಪ್ಪ ಇಳಿಸಿ, ಕೆಸರ ತೊಳದು,
ಆ ಹೆಸರ ಹಿಡದು ಎರಡ ವರ್ಷ ಕೇಳಿದ್ರಂತ
ಛಾವಣಿಯಾಗ, ದವಾಖಾನಿಯಾಗ, ಗೋರಿಸ್ಥಾನದಾಗೂ.
ನಮ್ಮದು ಅನ್ನಲಿಲ್ಲ ಯಾರೂ.
ಆಮ್ಯಾಲ ಐತವಾರಕ್ಕೊಮ್ಮೆ ಖಡಕವಾಸಲಾಕ್ಕ ಒಯ್ಯಾವ್ರು.
"ಎರವು ತಂದೀನಿ," ಅನ್ನಾವ್ರು, ನಲವತ್ತು ವರ್ಷ.
ಸಿಕ್ಕ ಮೀನಿನಾಗ ಅರ್ಧ ತಿರುಗಿ ನೀರಿಗೆ ಬಿಡಾವ್ರು,
ಒಡಿಯಂದು ಅಂತ.

"ಕೆರದೆ ಬಾಯಿ. ಆ ಅಕ್ಷರ ಓದಾಕ ಬರೂದಿಲ್ಲ ನನಗ."
ಆಕಿ ಬೈಲಿಲ್ಲ. ಬೈದಿದ್ರ ಛಲೋ ಇತ್ತು.
ಸ್ಟೂಲಿನ ಮ್ಯಾಲ ಕುಂತು, ಒಂದ ಮರ ಕೈಗೆ ತಗೊಂಡು
"ಇದಕ್ಕೆಷ್ಟು?" ಅಂದ್ಲು,
ಅಕ್ಕಿ ಕೇರಾಕಲ್ಲ, ಏನಾರ ಕೇಳಬೇಕಲ್ಲ ಅಂತ.
ರೊಕ್ಕ ಪೂರಾ ಎಣಿಸಿ ಕೊಟ್ಲು.
ಮೆಟ್ಟಲ ಇಳದು, ತಿರುಗಿ ನಿಂತ್ಲು:
"ಈಗ ಇದು ನಮ್ಮದ ಆಗಿಬಿಡ್ತಲ್ಲೋ ಬಾಳಪ್ಪಾ."

ಕೆರದ ಪುಡಿ ಚೆಲ್ಲಿರಲಿಲ್ಲ ನಾ.
ಸಂದಿ ತುಂಬಾಕ ಅಂಟಿನಾಗ ಕಲಸಬೇಕಾಗತೈತಂತ
ಕಡ್ಡಿಪೆಟ್ಟಿಗಿಯಾಗ ಹಾಕಿಟ್ಟಿದ್ದೆ, ನಶ್ಯದಂಗ ಕಂದು.
ಅದರಾಗ ಎಲ್ಲೋ ಐತಿ ಆ ಹೆಸರು,
ಒಂದ ಅಕ್ಷರದ ಕಾಲು, ಇನ್ನೊಂದರ ಹೊಟ್ಟಿ.
ಬಾಯಿಗೆ ಒಯ್ದು ಕೊಡಲೋ ಬ್ಯಾಡೋ, ತಿಳೀವಲ್ದು.

ಮೊನ್ನೆ ತಂಗೆವ್ವ ದೀಪಾ ಹಚ್ಚಾಕ ಅದನ್ನ ತಗೊಂಡು
ಕಿವಿ ಹತ್ರ ಅಲ್ಲಾಡಿಸಿದ್ಲು.
"ಖಾಲಿ," ಅಂದ್ಲು.