ಅಭ್ಯಾಸ ಏಳು: ಪದ ಹುಡುಕಿ

ಪೆನೀಶ್ ಬಂದರಿನ ಲೈಬ್ರರಿ, ಮೇಲಿನ ಮಹಡಿ.
ಗುರುವಾರ ಸಂಜೆ ಏಳಕ್ಕೆ ಆರು ಜನ, ಎಂಟು ಕಂಪ್ಯೂಟರು,
ಕೆಮ್ಮುವ ಒಂದು ಹೀಟರು.
ನಾನು ಜಾವಾ ಕಲಿಸುತ್ತೇನೆ.
ಕಲಿಯುವವರಲ್ಲಿ ಹಿರಿಯಳು ಗ್ರಾಸಿಯೆತ್,
ಡಬ್ಬಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಬೂತಾಯಿಯ ತಲೆ ಚಿವುಟಿದವಳು;
ಕೀಲಿಗಳನ್ನೂ ಹಾಗೆಯೇ, ಒಂದೊಂದಕ್ಕೆ ಒಂದೇ ಏಟು.

ಪಠ್ಯ ಕೊಡಿ, ಪದ ಕೊಡಿ,
ಎಲ್ಲಿದೆ, ಎಷ್ಟು ಸಲ ಇದೆ, ಯಂತ್ರದಿಂದ ಹೇಳಿಸಿ.
ಇಷ್ಟೇ ಅಭ್ಯಾಸ.
ಉಳಿದವರು ಹವಾಮಾನ ವರದಿ ಅಂಟಿಸಿದರು.
ಅವಳು ತಂದದ್ದು ಗಂಡನ ನೋಟ್‌ಬುಕ್ಕು:
ಉತ್ತರದ ಹಿಮಗಡಲಿಗೆ ಹೋಗುತ್ತಿದ್ದ ಹಡಗಿನಲ್ಲಿ
ಅಡುಗೆಯವನಾಗಿ ಅವನು ಗೀಚಿದ್ದು,
ಸೊಸೆ ಟೈಪು ಮಾಡಿಕೊಟ್ಟದ್ದು.
"ಓದಿದ್ದೀರಾ?" ಅಂದೆ.
"ಛೆ, ಆಸಾಮಿ ಬದುಕಿದ್ದಾನಲ್ಲ!
ಓದಿದರೆ ಕಳ್ಳತನ. ಹುಡುಕಿದರೆ ಅಲ್ಲ."

ಮೊದಲು ಕಡಲನ್ನು ಹುಡುಕಿದಳು.
ನಮ್ಮ ನುಡಿಯಲ್ಲಿ ಅದಕ್ಕೆ ಮೂರೇ ಅಕ್ಷರ: ಮಾರ್.
ಅರವತ್ತೊಂದು ಸಲ, ಅಂದಿತು ಯಂತ್ರ.
"ಸುಳ್ಳು! ಕಡಲಿನ ಮಾತೆತ್ತಿದರೆ
ಎದ್ದು ಹೋಗುವ ಮನುಷ್ಯ ಅವನು."
ಇಣುಕಿದರೆ, ಕಹಿಗೆ ಅನ್ನುವ ಅಮಾರ್ಗುವಿನ ಹೊಟ್ಟೆಯಲ್ಲಿ ಕಡಲು,
ಹಣ್ಣಿನ ಪಾಕ ಮಾರ್ಮೆಲಾದದಲ್ಲಿ ಕಡಲು,
ಗಂಡನಿಗೆ ಅನ್ನುವ ಮಾರೀದುವಿನ ಮೊದಲಲ್ಲೇ ಕಡಲು.
ಪದದ ಬೇಲಿ ಯಂತ್ರಕ್ಕೆ ಕಾಣದು, ಅಕ್ಷರದ ಸಾಲು ಅಷ್ಟೇ.
ಎರಡೂ ಬದಿಗೆ ಖಾಲಿ ಜಾಗ ಕೂರಿಸಿದೆವು.
ಕಡಲು ಒಂಬತ್ತಕ್ಕೆ ಇಳಿಯಿತು.
ಅಲ್ಪವಿರಾಮ ಅಂಟಿಕೊಂಡ ಕಡಲುಗಳು ಹೊರಗುಳಿದವು;
"ಸಾಕು, ಅಷ್ಟು ನಂಬಬಹುದು" ಅಂದಳು.

ಆಮೇಲೆ, ಯಾರೂ ಹೇಳದೆ,
ತನ್ನ ಹೆಸರು ಕೊಟ್ಟು ಕೇಳಿದಳು: ಮೊದಲು ಎಲ್ಲಿ?

ನಾನು ಹೀಟರಿಗೆ ಗುದ್ದುತ್ತಿದ್ದೆ.
ತಿರುಗಿದಾಗ ಕುರ್ಚಿ ಖಾಲಿ, ಕೋಟಿಲ್ಲ.

ಎರಡು ಗುರುವಾರ ಬರಲಿಲ್ಲ.
ಮೂರನೆಯದಕ್ಕೆ ಬಂದವನು ಅವಳ ಗಂಡ, ಎಲಿಜಿಯಾರು,
ಟೋಪಿ ಕೈಯಲ್ಲಿ, ಬಾಗಿಲಲ್ಲೇ ನಿಂತು:
"ಹದಿನೈದು ದಿನದಿಂದ ಮಾತಿಲ್ಲ, ಸಾರಿಗೆ ಉಪ್ಪಿಲ್ಲ.
ನಿಮ್ಮ ಯಂತ್ರ ಇವಳಿಗೆ ಏನು ಚಾಡಿ ಹೇಳಿತು?"

ಅವಳ ಕಡತ ತೆರೆದೆ. ಓಡಿಸಿದೆ.
ಪರದೆಯ ಮೇಲೆ ಒಂಟಿ ಸೊನ್ನೆ.

ಅಯ್ಯೋ, ನಾನು ಹೇಳಿಯೇ ಇರಲಿಲ್ಲ.
ಏಳು ವಾರದಲ್ಲಿ ಒಮ್ಮೆಯೂ ಹೇಳಿರಲಿಲ್ಲ:
ಇಲ್ಲಿ ಎಣಿಕೆ ಸೊನ್ನೆಯಿಂದ.
ಇಲ್ಲದ್ದಕ್ಕೆ ಉತ್ತರ ಮೈನಸ್ ಒಂದು.
ಸೊನ್ನೆ ಅಂದರೆ ಮೊಟ್ಟಮೊದಲು,
ಮೊದಲ ಪುಟ, ಮೊದಲ ಸಾಲು, ಅದರ ಹಿಂದೆ ಏನೂ ಇಲ್ಲ.

ಓದಬಾರದಿತ್ತು. ಕಣ್ಣಿಗೆ ಬಿತ್ತು:
"ಗ್ರಾಸಿಯೆತ್, ಈರುಳ್ಳಿ ಮುಗಿಯಿತು. ಚಳಿ."

ಅವನು ಕಿವಿಯವರೆಗೆ ಕೆಂಪಾಗಿ
"ಅದು ಸಾಮಾನಿನ ಲೆಕ್ಕ" ಅಂದ.

ಮುಂದಿನ ಗುರುವಾರ ಅವಳು ಬಂದಳು.
ನಾನು ಬೋರ್ಡಿನ ಮೇಲೆ ದೊಡ್ಡದಾಗಿ ಸೊನ್ನೆ ಬರೆದಿಟ್ಟಿದ್ದೆ.
ಅವಳು ಅತ್ತ ನೋಡಲಿಲ್ಲ. ಕೂತಳು, ಈರುಳ್ಳಿ ಹುಡುಕಿದಳು.
ನಲವತ್ತನಾಲ್ಕು.
"ನನಗಿಂತ ಮೂರು ಜಾಸ್ತಿ" ಅಂದಳು,
ಮತ್ತೆ ಕೀಲಿಗೆ ಒಂದು ಏಟು.