ಲಿಫ್ಟ್ ಡಬ್ಬಿಯ ಲೆಕ್ಕ

ಟಿಬಿಲಿಸಿಯ ಗ್ಲ್ದಾನಿ ಬಡಾವಣೆ, ಎರಡನೇ ಬಾಗಿಲು,
ಒಂಬತ್ತು ಮಹಡಿ, ಮೂವತ್ತಾರು ಮನೆ.
ಅಧ್ಯಕ್ಷೆ ನಾನು, ಲಮಾರಾ,
ಬೇರಾರೂ ಒಪ್ಪಲಿಲ್ಲವೆಂಬ ಕಾರಣಕ್ಕೆ.
ಮೂವತ್ತು ವರ್ಷ ಮಕ್ಕಳಿಗೆ ನದಿಗಳ ಹೆಸರು ಕಲಿಸಿದವಳು
ಈಗ ನಲ್ಲಿ ಯಾವಾಗ ನಿಲ್ಲುತ್ತದೆಂದು
ಗೋಡೆಗೆ ಚೀಟಿ ಅಂಟಿಸುತ್ತೇನೆ.

ಚೀಟಿಯ ಕೆಳಗೆ ಯಾರೋ ಬರೆಯುತ್ತಾರೆ:
"ಐದನೇ ಮಹಡಿಯ ಬೆಕ್ಕು ಮರಿ ಹಾಕಿದೆ, ಬೇಕಾದವರು ಬನ್ನಿ."
ಅದರ ಕೆಳಗೆ ಇನ್ಯಾರೋ: "ಅದು ನಮ್ಮ ಬೆಕ್ಕು."

ನಮ್ಮ ಲಿಫ್ಟು ದುಡ್ಡು ತಿನ್ನುತ್ತದೆ.
ಹತ್ತಲು ಹತ್ತು ತೆತ್ರಿ, ಇಳಿಯುವುದು ಪುಕ್ಕಟೆ;
ಇಳಿಯುವುದಕ್ಕೆ ಎಲ್ಲಿಯಾದರೂ ಕಾಸು ಕೇಳುತ್ತಾರೆಯೇ?
ತಿಂಗಳ ಕೊನೆಯ ಭಾನುವಾರ ಡಬ್ಬಿ ಬಿಚ್ಚುತ್ತೇನೆ,
ನನಗೆ ಸಾಕ್ಷಿ ಒಂದನೇ ಮಹಡಿಯ ಜುಂಬೆರ್,
ಅವನಿಗೆ ಸಾಕ್ಷಿ ಅವನ ಸಿಗರೇಟು.
ಮೇಜಿನ ಹೂಬಟ್ಟೆಯ ಮೇಲೆ ಸುರಿದರೆ
ತಗಡಿನ ಮೇಲೆ ಆಲಿಕಲ್ಲು ಬಿದ್ದ ಸದ್ದು.

ನಾಣ್ಯದ ನಡುವೆ ನಾಣ್ಯವಲ್ಲದವು:
ತುರ್ಕಿಯ ಒಂದು ಕುರುಷ್, ಕೋಟಿನ ಗುಂಡಿ,
ಮತ್ತೆ ಈ ಬಿಲ್ಲೆಗಳು,
ಅಂಕಿಯಿಲ್ಲ, ಮುಖವಿಲ್ಲ, ಬೆರಳಿಗೆ ತಣ್ಣಗೆ ನಯ.
ಜನವರಿಯಲ್ಲಿ ಹತ್ತೊಂಬತ್ತು. ಫೆಬ್ರವರಿಯಲ್ಲಿ ಮೂವತ್ತೊಂದು.
ತಕ್ಕಡಿಯಲ್ಲಿ ತೂಗಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಕೆಂಪಕ್ಷರದಲ್ಲಿ ಬರೆದು ಅಂಟಿಸಿದೆ:
"ಇದು ಮೋಸ. ಕಳ್ಳ ನಮ್ಮೊಳಗೇ ಇದ್ದಾನೆ."
ಕೆಳಗೆ ಯಾರೋ: "ಕಳ್ಳನ ಕೈಯಲ್ಲಿ ಕಸುಬಿದೆ."
ಇನ್ನೂ ಕೆಳಗೆ: "ನನಗೂ ಹತ್ತು ಬೇಕಿತ್ತು."

ಎಂಟನೇ ಮಹಡಿಯ ನೋದಾರ್,
ಕಾರ್ಖಾನೆ ಮುಚ್ಚಿದ ದಿನ ಬಾಕಿ ಸಂಬಳದ ಬದಲು
ಪುಟ್ಟ ಲೇತೊಂದನ್ನು ಹೊತ್ತು ತಂದು
ಬಾಲ್ಕನಿಯ ಟೊಮೇಟೊ ಗಿಡಗಳ ಪಕ್ಕ ನಿಲ್ಲಿಸಿದವನು.
ನಾನು ಅನುಮಾನಪಡಲಿಲ್ಲವೆಂದರೆ ಸುಳ್ಳು.
ಆದರೆ ಅವನು ಲಿಫ್ಟು ಹತ್ತಿದ್ದನ್ನು ಕಂಡವರಿಲ್ಲ.
ಮಹಡಿಗೊಮ್ಮೆ ನಿಂತು ಕೆಮ್ಮುತ್ತಿದ್ದ,
ಅಲ್ಲಿ ಏನು ಅಡುಗೆಯೆಂದು ಮೂಸುತ್ತಿದ್ದ,
ಮತ್ತೆ ಮೆಟ್ಟಿಲು.

ಮಾರ್ಚ್‌ನಲ್ಲಿ ಸತ್ತ. ನೋಟ್‌ಬುಕ್ಕು ಹಿಡಿದು ಮನೆಮನೆ ಹತ್ತಿದೆ.
ಸಾವಿಗೆ ಇಲ್ಲಿ ಎಲ್ಲರೂ ಕೊಡುತ್ತಾರೆ, ಕೊಟ್ಟದ್ದನ್ನು ಬರೆಯುತ್ತೇವೆ,
ಅವರ ಸರದಿ ಬಂದಾಗ ಅಷ್ಟೇ ಮರಳಬೇಕು.
ಏಳನೇ ಮಹಡಿಯ ಎತೇರಿ, ಊರುಗೋಲಿನವಳು,
ಐದು ಲರಿ ಕೊಟ್ಟಳು. ಬಾಗಿಲು ಮುಚ್ಚಲು ಹೋದವಳು ನಿಂತು
ಏಪ್ರನ್ನಿನ ಜೇಬಿನಿಂದ ಒಂದು ಹಿಡಿ ಬಿಲ್ಲೆ ತೆಗೆದಳು.
"ಇವನ್ನೂ ಬರೆದುಕೋ. ಅವನೇ ಕೊಟ್ಟದ್ದು.
ಮತ್ತೆ ಹತ್ತುವುದು ಹೇಗೆಂದು
ಬ್ರೆಡ್ಡಿಗೆ ಇಳಿಯುವುದನ್ನೇ ಬಿಟ್ಟಿದ್ದೆ."
ನಾಲ್ಕನೇ ಮಹಡಿಯ ಅವಳಿ ಹುಡುಗರು ನೆಲ ನೋಡುತ್ತ ನಿಂತರು.
ಅವರ ಜೇಬೂ ಸದ್ದು ಮಾಡಿತು.
ನಾನು ಕೇಳಿಸಿಕೊಳ್ಳಲಿಲ್ಲ.

ಶವಪೆಟ್ಟಿಗೆ ಲಿಫ್ಟಿನಲ್ಲಿ ಹಿಡಿಸುವುದಿಲ್ಲ.
ಈ ಮನೆಗಳನ್ನು ಕಟ್ಟಿದವರು
ಒಳಬರುವವರನ್ನಷ್ಟೇ ಅಳೆದಿದ್ದರು.
ಆರು ಜನ ಹೆಗಲು ಕೊಟ್ಟರು. ತಿರುವು ತಿರುವಿಗೂ
ಜುಂಬೆರ್ ಕೂಗುತ್ತಿದ್ದ: "ಎತ್ತಿ! ಎಡಕ್ಕೆ! ಗೋಡೆ, ಗೋಡೆ!"
ಮಹಡಿಗೊಮ್ಮೆ ಉಸಿರಿಗೆ ನಿಂತರು,
ಅವನೂ ಹಾಗೇ ನಿಲ್ಲುತ್ತಿದ್ದ.
ಬಾಗಿಲುಗಳೆಲ್ಲ ತೆರೆದಿದ್ದವು.
ಮೂರನೆಯದರಲ್ಲಿ ಹುರುಳಿಕಾಯಿ ಬೇಯುತ್ತಿತ್ತು.

ಏಪ್ರಿಲ್ ಡಬ್ಬಿಯಲ್ಲಿ ನಲವತ್ತು ಬಿಲ್ಲೆ.
ಜುಂಬೆರ್ ನನ್ನ ಮುಖ ನೋಡಿದ.
ಹತ್ತು ಹತ್ತಾಗಿ ಪೇರಿಸಿದೆ, ಉಳಿದ ನಾಣ್ಯಗಳ ಸಾಲಿನಲ್ಲೇ.
ಕೊರತೆ ಬಿದ್ದ ನಾಲ್ಕು ಲರಿ ಯಾರು ತುಂಬಿದರೆಂದು
ಸಭೆಯಲ್ಲಿ ಯಾರೂ ಕೇಳಬಾರದಾಗಿ ವಿನಂತಿ.

ಕೆಂಪು ಚೀಟಿ ಇನ್ನೂ ಗೋಡೆಯ ಮೇಲಿದೆ.
"ಕಳ್ಳ" ಎಂಬುದನ್ನು ಯಾರೋ ಪೆನ್ಸಿಲ್ಲಿನಲ್ಲಿ ಹೊಡೆದು ಹಾಕಿದ್ದಾರೆ,
ಉಳಿದದ್ದು ಹಾಗೇ ಓದಿಸಿಕೊಳ್ಳುತ್ತದೆ.
ನಾಳೆ ಹತ್ತರಿಂದ ನಾಲ್ಕರವರೆಗೆ ನೀರಿಲ್ಲ.
ಆ ಚೀಟಿಗೆ ಬೇರೆ ಜಾಗ ಹುಡುಕಬೇಕು.