ಕುಯ್ ಅಂದಾಗ ಒತ್ತಬೇಕು

ಶ್ರೀರಾಮಪುರದಲ್ಲಿ, ಬ್ಯಾಟರಿ ಅಂಗಡಿಯ ಮೇಲೆ,
ಸಂಜೆ ಏಳರಿಂದ ಎಂಟೂವರೆ ನನ್ನ ಇಂಗ್ಲಿಷ್ ಕ್ಲಾಸು.
ತಿಂಗಳಿಗೆ ಆರುನೂರು, ಆಗದವರಿಗೆ ಮುಂದಿನ ತಿಂಗಳು.
ಆಗಾಗ ಕಿಟಕಿಯಾಚೆ ಮೆಟ್ರೋ ಹಾದು
ನಾನು ಅರ್ಧ ಹೇಳಿದ ವಾಕ್ಯದ ಮೇಲೆ
ಆರು ಡಬ್ಬಿ ಬೆಳಕು ಎಳೆದುಕೊಂಡು ಹೋಗುತ್ತದೆ.
ಎಲ್ಲರೂ ಪೆನ್ನು ಎತ್ತಿಹಿಡಿದು ಕಾಯುತ್ತೇವೆ.
ಆಮೇಲೆ ಬರುತ್ತದೆ ಕರ್ಮಪದ.

ಹನ್ನೊಂದು ವರ್ಷದಿಂದ ಹೇಳಿದ್ದನ್ನೇ ಹೇಳುತ್ತೇನೆ:
ಸೇ ಅಂದರೆ ಹೇಳು, ಟೆಲ್ ಅಂದರೂ ಹೇಳು,
ಆದರೆ ಟೆಲ್ ಒಂಟಿಯಾಗಿ ನಿಲ್ಲದು,
ಪಕ್ಕದಲ್ಲೇ ಒಬ್ಬ ಮನುಷ್ಯ ಬೇಕು ಅದಕ್ಕೆ.
ಸೇಗೆ ಯಾರೂ ಬೇಡ, ಗೋಡೆಯಾದರೂ ನಡೆಯುತ್ತದೆ.
ಕೊರಿಯರ್ ಇನಾಯತ್ ಇದನ್ನು ಬರೆದುಕೊಂಡು
ಕೆಳಗೆ ಎರಡು ಗೆರೆ ಎಳೆದ.
ಯಾಕೆಂದು ನಾನು ವಿಚಾರಿಸಲಿಲ್ಲ.

ಲೆಂಡ್, ಬಾರೋ ಬಂದಾಗ ಪ್ರತಿ ಬ್ಯಾಚೂ ಜಾರುತ್ತದೆ,
ಚೀಟಿ ನಡೆಸುವ ಅಮುದಾ ಒಬ್ಬಳನ್ನು ಬಿಟ್ಟು:
ಕೊಟ್ಟದ್ದು ಯಾವುದು, ತಗೊಂಡದ್ದು ಯಾವುದು
ಅವಳು ನಿದ್ದೆಯಲ್ಲೂ ತಪ್ಪುವುದಿಲ್ಲ.

ನಿನ್ನೆ ಹಿಯರ್ ಮತ್ತು ಲಿಸನ್.
ಬೋರ್ಡಿನ ಮೇಲೆ ಒಂದು ಕಿವಿ ಬರೆದೆ,
ಹಲಸಿನ ತೊಳೆಯ ಹಾಗಾಯಿತು, ಇರಲಿ.
ಹಿಯರ್: ಶಬ್ದ ತಾನೇ ಬಂದು ಬೀಳುವುದು,
ಕುಕ್ಕರ್ ಕೂಗಿದ ಹಾಗೆ, ಪಕ್ಕದ ಮನೆಯ ಜಗಳದ ಹಾಗೆ.
ಲಿಸನ್: ನೀವೇ ಎದ್ದು ಶಬ್ದದ ಬಳಿ ಹೋಗುವುದು.
"ನಮ್ಮಲ್ಲಿ ಎರಡಕ್ಕೂ ಒಂದೇ, ಕೇಳು.
ಪ್ರಶ್ನೆ ಹಾಕುವುದಕ್ಕೂ ಅದೇ ಕೇಳು.
ಪಾಪ, ಒಂದೇ ಎತ್ತು, ಮೂರು ಗಾಡಿ" ಎಂದೆ.
ಈ ಮಾತಿಗೆ ಪ್ರತಿ ಬ್ಯಾಚೂ ನಗುತ್ತದೆ.

ಮುನಿಲಕ್ಷ್ಮಮ್ಮ ನಗಲಿಲ್ಲ.
ಮಲ್ಲೇಶ್ವರದ ಕಿವಿ ಪರೀಕ್ಷೆಯ ಸೆಂಟರಿನಲ್ಲಿ ಆಯಾ,
ಬಂದು ಮೂರು ವಾರ, ಈವರೆಗೆ ಬಾಯಿ ಬಿಟ್ಟವರಲ್ಲ.
"ಒಂದೇ ಎಲ್ಲಿ ಮಿಸ್?
ಕೇಳ್ಸೋದು ಬೇರೆ, ಕೇಳಿಸ್ಕೊಳ್ಳೋದು ಬೇರೆ.
ನಮ್ಮತ್ತೆ ಬೈದಿದ್ದೆಲ್ಲಾ ಕೇಳಿಸ್ತು ನಂಗೆ,
ಒಂದೂ ಕೇಳಿಸ್ಕೊಳ್ಳಲಿಲ್ಲ. ಅದಕ್ಕೇ ಬಾಳಿದೆ."

ಹನ್ನೊಂದು ವರ್ಷ!
ನಾನು ಡಸ್ಟರ್ ಹುಡುಕಿದೆ.

"ನಮ್ಮಲ್ಲೊಂದು ಗಾಜಿನ ಕೋಣೆ ಇದೆ ಮಿಸ್, ಒಂದಾಳಿಗೆ ಸರಿಯಾಗಿ.
ಒಳಗೆ ಕೂರಿಸಿ, ಹೆಡ್‌ಫೋನ್ ಇಟ್ಟು, ಕೈಗೊಂದು ಗುಂಡಿ ಕೊಡ್ತೀವಿ.
ಕುಯ್ ಅಂದಾಗ ಒತ್ತಬೇಕು, ಅಷ್ಟೇ.
ಈಚೆ ನಿಂತು ನೋಡ್ತೀನಿ:
ಕಣ್ಣು ಮುಚ್ಕೋತಾರೆ, ಉಸಿರು ಹಿಡೀತಾರೆ,
ಸದ್ದಾದೀತು ಅಂತ ಒಬ್ಬರು ಬಳೆ ಕಳಚಿಟ್ರು.
ಆ ಥರ ಲಿಸನ್ ಮಾಡೋರನ್ನ
ನಾನು ಗುಡಿಯಲ್ಲೂ ನೋಡಿಲ್ಲ.
ಹಿಯರ್ ಮಾತ್ರ ಆಗಲ್ಲ.
ಕೆಲವರು ಸುಮ್ಮನೆ ಒತ್ತುತಾರೆ, ಸದ್ದೇ ಇಲ್ಲದಾಗ,
ಡಾಕ್ಟ್ರಿಗೆ ಬೇಜಾರಾಗಬಾರದು ಅಂತ.
ಅದಕ್ಕೆ ಇಂಗ್ಲಿಷಲ್ಲಿ ಏನಂತಾರೆ?"

ಪ್ರಿಟೆಂಡ್ ಎಂದು ಬರೆದೆ.
ಅದರಲ್ಲಿ ಮೋಸ ಇತ್ತು, ಅಳಿಸಿದೆ.
ಗೆಸ್ ಎಂದು ಬರೆದೆ.
ಅದರಲ್ಲಿ ಡಾಕ್ಟ್ರು ಇರಲಿಲ್ಲ.
ಸೀಮೆಸುಣ್ಣ ಬೆರಳಲ್ಲಿ ಬೆಚ್ಚಗಾಯಿತು.
ಪುಸ್ತಕದಲ್ಲಿ ಆ ಪುಟದ ನಂತರ
ನೇರ ಲುಕ್, ಸೀ, ವಾಚ್.

ಅಷ್ಟರಲ್ಲಿ ಮೆಟ್ರೋ.
ಕಿಟಕಿಯ ಸರಳು ಕೂಡ ಕುಣಿಯಿತು.
ಮುನಿಲಕ್ಷ್ಮಮ್ಮನ ತುಟಿ ಅಲುಗಿದ್ದು ಕಂಡಿತು,
ಕೊನೆಗೊಂದು ಹುಬ್ಬು ಮೇಲೆದ್ದದ್ದೂ.
ಮೇಜಿನ ಮೇಲೆ ಬಾಗಿ, ಕಿವಿಗೆ ಕೈ ಒಡ್ಡಿ ಕಾದೆ,
ಕೊನೆಯ ಡಬ್ಬಿ ಯಶವಂತಪುರದ ಕಡೆ ಜಾರುವತನಕ.

"ಏನು ಕೇಳಿದ್ರಿ?" ಎಂದೆ.

"ನಾನಾ?" ಎಂದರು.
"ಬರೀ ಮೆಟ್ರೋ, ಮಿಸ್."